ಮೀನಖಂಡದ ಪೆಟ್ಟೂ ಅದರ ಪರಿಹಾರವೂ

ಕಳೆದ ವರ್ಷ ಬಲಿಪಾಡ್ಯಮಿಯ ಮರುದಿನ ಶಿಕಾರಿಪುರಕ್ಕೆ ಸಮೀಪದ ಒಂದು ಹಳ್ಳಿಗೆ ನಾವು ಹೋರಿ ಬೆದರಿಸುವ ಹಬ್ಬವನ್ನು ನೋಡಲು ಹೋಗಿದ್ದೆವು. ಶಿಕಾರಿಪುರ, ಸೊರಬ ಸೀಮೆಗಳಲ್ಲಿಯೂ ನೆರೆಯ ಹಾವೇರಿ ಜಿಲ್ಲೆಯಲ್ಲಿಯೂ ದೀಪಾವಳಿಯೆಂದರೆ ದೀಪಗಳಷ್ಟೇ ಹೋರಿಗಳೂ ಮುಖ್ಯವೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಕೊರಳಿಗೆ ಕೊಬ್ಬರಿಯ ಹಾರಗಳನ್ನು ಕಟ್ಟಿಸಿಕೊಂಡು ಸಿಂಗಾರಗೊಂಡ ಹೋರಿಯು ಜನಸಂದಣಿಯ ನಡುವೆ ಬಾಣದಂತೆ ನುಗ್ಗುವುದು. ಆ ಕೊಬ್ಬರಿಯನ್ನು ಹರಿಯಬೇಕೆಂದು ತರುಣರು ಅದರ ಮೇಲೆ ಬೀಳುವರು. ಅರುವತ್ತನ್ನು ಸಮೀಪಿಸಿದ ನಾವು ವಯಸ್ಸಿಗೆ ತಕ್ಕಂತೆ ದೂರದಲ್ಲಿಯೇ ನಿಂತಿದ್ದೆವು. ಆದರೆ ಒಂದು ಹೋರಿಯು ದಾರಿ ಬಿಟ್ಟು ನಮ್ಮ ಕಡೆಗೆ ತಿರುಗಿತು. ನಾವು ಪ್ರಾಣಭಯದಿಂದ ಪಕ್ಕದ ಗದ್ದೆಯ ಬದುವಿನ ಮೇಲಕ್ಕೆ ನೆಗೆದೆವು. ನೆಗೆದ ಕ್ಷಣದಲ್ಲಿಯೇ ಎಡಗಾಲಿನ ಹಿಂಭಾಗಕ್ಕೆ ಯಾರೋ ಕಲ್ಲು ಬೀರಿದಂತಾಯಿತು. ಹಿಂದಿರುಗಿ ನೋಡಿದೆವು, ಬೀರಿದವರೂ ಇರಲಿಲ್ಲ, ಕಲ್ಲೂ ಇರಲಿಲ್ಲ.

ಕುಂಟುತ್ತ ಮನೆಗೆ ಬಂದಾಗ ನಮ್ಮ ಅಕ್ಕನವರು ಕಾಲನ್ನು ನೋಡಿ, “ಏನೂ ಇಲ್ಲ ತಮ್ಮಾ, ನರ ಉಳುಕಿದೆ. ಬಿಸಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿದರೆ ಬೆಳಗಾಗುವುದರೊಳಗೆ ಬಿಡುತ್ತದೆ” ಎಂದರು. ವಾತಕ್ಕೆ ತೈಲಾಭ್ಯಂಗವು ಹಿತವೆಂದು ಗ್ರಂಥಗಳಲ್ಲಿ ಓದಿಕೊಂಡಿದ್ದ ನಾವೂ ಸಂತೋಷದಿಂದ ಕಾಲು ನೀಡಿದೆವು. ಹರಳೆಣ್ಣೆಯ ತಿಕ್ಕಾಟವೂ ಬಿಸಿನೀರಿನ ಶಾಖವೂ ರಾತ್ರಿಯ ಊಟದವರೆಗೆ ನಡೆದುವು. ಬೆಳಿಗ್ಗೆ ಎದ್ದಾಗ ಕಾಲು ಬಾಳೆಯ ದಿಂಡಿನಂತೆ ಊದಿತ್ತು. ಮೂರನೆಯ ದಿನಕ್ಕೆ ಹಿಮ್ಮಡಿಯವರೆಗೂ ನೇರಿಳೆಹಣ್ಣಿನ ಬಣ್ಣ ಇಳಿಯಿತು. ಆಮೇಲೆ ಕಂಡ ವೈದ್ಯರು, ಮಾಂಸಖಂಡವು ಅರೆಬರೆ ಹರಿದಿದೆಯೆಂದೂ, ಆರು ವಾರಗಳಲ್ಲಿ ಮಾಯಬಹುದಾಗಿದ್ದ ಗಾಯವನ್ನು ತಿಕ್ಕಿ ತಿಕ್ಕಿ ಹಿಗ್ಗಿಸಿಕೊಂಡಿರೆಂದೂ ಹೇಳಿದರು. ನಾವು ಊರುಗೋಲನ್ನು ಬಿಡುವುದಕ್ಕೆ ಮೂರು ತಿಂಗಳು ಹಿಡಿಯಿತು.

ಇದರಲ್ಲಿ ತಪ್ಪು ಅಕ್ಕನವರದಲ್ಲ. ಕೇಳಿಕೊಳ್ಳಬೇಕಾಗಿದ್ದ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಲಿಲ್ಲ. ಕಾಲಿನ ಹಿಂಭಾಗ ನೋಯುತ್ತದೆಯೆಂದು ಮನೆಯಲ್ಲಿ ಯಾರಾದರೂ ಹೇಳಿದಾಗ ಎಣ್ಣೆಯ ಸೀಸೆಗೆ ಕೈಹಾಕುವ ಮೊದಲು, “ಈ ನೋವು ಬಂದ ಗಳಿಗೆ ಯಾವುದು?” ಎಂದು ಕೇಳಬೇಕು. ಈ ತಿಂಗಳ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟನ್ನೇ. ಉಳಿದುದೆಲ್ಲ ಇದರ ವಿಸ್ತಾರ.

ಮೊದಲು ಈ ಅಂಗದ ಪರಿಚಯವಾಗಲಿ. ಮೊಣಕಾಲಿನ ಕೆಳಗೆ ಹಿಂದುಗಡೆ, ನಡುವೆ ಉಬ್ಬಿ ಎರಡು ತುದಿಗಳಲ್ಲಿ ಸಪುರವಾಗಿ, ಮೀನಿನ ಒಡಲನ್ನು ಹೋಲುವ ಭಾಗವೇ ಮೀನಖಂಡ. ಸಂಸ್ಕೃತದಲ್ಲಿ ಇದಕ್ಕೆ ಪಿಂಡಿಕೆಯೆಂದು ಹೆಸರು. ಇಲ್ಲಿ ಮುಖ್ಯವಾಗಿ ಎರಡು ಮಾಂಸಖಂಡಗಳು ಒಂದರ ಮೇಲೊಂದು ಇವೆ. ಹೊರಗಿನದು ತೊಡೆಯೆಲುಬಿನ ಕೆಳತುದಿಯಿಂದ ಎರಡು ತಲೆಗಳಾಗಿ ಹೊರಟು ಮೊಣಕಾಲನ್ನು ದಾಟಿ ಇಳಿಯುತ್ತದೆ. ಪಾಶ್ಚಾತ್ಯ ವೈದ್ಯರು ಇದನ್ನು ಕರೆಯುವ ಗ್ಯಾಸ್ಟ್ರಾಕ್ನೀಮಿಯಸ್ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ‘ಕಾಲಿನ ಹೊಟ್ಟೆ’ ಎಂದರ್ಥ. ಒಳಗಿನದು ಮೊಣಕಾಲಿನ ಕೆಳಗಿನ ಎಲುಬುಗಳಿಂದಲೇ ಹೊರಡುತ್ತದೆ. ಅದರ ಹೆಸರು ಸೋಲಿಯಸ್. ಲ್ಯಾಟಿನ್ನಿನಲ್ಲಿ ಪಾದರಕ್ಷೆಯನ್ನೂ ಚಪ್ಪಟೆಯಾದ ಒಂದು ಬಗೆಯ ಮೀನನ್ನೂ ಹೇಳುವ ಶಬ್ದದಿಂದ ಇದು ಬಂದಿದೆ. ಮೀನಿನ ಹೋಲಿಕೆ ನಮ್ಮವರಿಗೆ ಮಾತ್ರ ಹೊಳೆದುದಲ್ಲವೆಂಬುದು ಇದರಿಂದ ಕಾಣುತ್ತದೆ. ಇವೆರಡೂ ಕೆಳಗೆ ಕೂಡಿಕೊಂಡು ದಪ್ಪನಾದ ಒಂದು ಕಂಡರವಾಗಿ, ಅಂದರೆ ಜನರು ಹಿಮ್ಮಡಿಯ ನರವೆನ್ನುವ ಗಟ್ಟಿಯಾದ ಹುರಿಯಾಗಿ, ಹಿಮ್ಮಡಿಯ ಎಲುಬಿಗೆ ಅಂಟುತ್ತವೆ.

ನಡೆಯುವಾಗ ಹಿಮ್ಮಡಿಯನ್ನು ನೆಲದಿಂದ ಎತ್ತಿ ದೇಹವನ್ನು ಮುಂದಕ್ಕೆ ನೂಕುವುದು ಇವುಗಳ ಕೆಲಸ. ಇದಲ್ಲದೆ, ಕಾಲಿನ ಸಿರೆಗಳಲ್ಲಿರುವ ರಕ್ತವನ್ನು ಹೆಜ್ಜೆಹೆಜ್ಜೆಗೂ ಹಿಂಡಿ ಹೃದಯದ ಕಡೆಗೆ ಏರಿಸುವುದರಿಂದ ಇವನ್ನು ಎರಡನೆಯ ಹೃದಯವೆಂದು ಕರೆಯುವ ರೂಢಿಯೂ ಉಂಟು. ಸುಶ್ರುತನು ಶಾರೀರಸ್ಥಾನದಲ್ಲಿ ಎಣಿಸಿರುವ ೧೦೭ ಮರ್ಮಗಳಲ್ಲಿ ಇಂದ್ರಬಸ್ತಿಯೆಂಬುದೊಂದು. ಅದು ಜಂಘೆಯ ನಡುವೆ ಹಿಮ್ಮಡಿಯ ನೇರಕ್ಕೆ ಇರುವುದೆಂದೂ, ಅಲ್ಲಿ ಪೆಟ್ಟಾದರೆ ರಕ್ತಕ್ಷಯದಿಂದ ಹಾನಿಯೆಂದೂ ಅವನು ಹೇಳುತ್ತಾನೆ. ಈ ಭಾಗವು ರಕ್ತದಿಂದ ತುಂಬಿದುದೆಂಬ ಅರಿವು ಹಿಂದಿನವರಿಗೂ ಇದ್ದಿತು.

ಇನ್ನು ಪೆಟ್ಟಾಗುವ ಬಗೆಯನ್ನು ನೋಡೋಣ. ಹೊರಗಿನ ಮಾಂಸಖಂಡವು ಮೊಣಕಾಲು, ಕಣಕಾಲು ಎಂಬ ಎರಡು ಕೀಲುಗಳನ್ನು ದಾಟುವುದರಿಂದ ಎರಡು ಕಡೆಯಿಂದಲೂ ಜಗ್ಗಲ್ಪಡುತ್ತದೆ. ಪಾದವು ನೆಲವನ್ನು ಒದೆಯುತ್ತಿರುವಾಗಲೇ ಮೊಣಕಾಲು ತಟ್ಟನೆ ನೆಟ್ಟಗಾದರೆ, ಕುಗ್ಗಬೇಕೆಂದಿರುವ ಮಾಂಸವು ಅದೇ ಕ್ಷಣದಲ್ಲಿ ಹಿಗ್ಗಬೇಕಾಗಿ ಬಂದು ಹರಿಯುತ್ತದೆ. ಪ್ರಾಯಶಃ ಹರಿಯುವುದು ಇನ್ನೊಂದು ಕಾಲಿಗೆ ಎದುರಾಗಿರುವ ಒಳಮಗ್ಗುಲಲ್ಲಿ, ಮಾಂಸವು ಕಂಡರವನ್ನು ಸೇರುವ ಸ್ಥಳದಲ್ಲಿ. ಹೋರಿಯ ಮುಂದೆ ಥಟ್ಟನೆ ಓಟ ಕಿತ್ತುವುದು, ಚಂದ್ರಗುತ್ತಿಯ ಬೆಟ್ಟದಲ್ಲಿ ಮೆಟ್ಟಿಲು ತಪ್ಪುವುದು, ನಾಟಿಯ ಗದ್ದೆಯಲ್ಲಿ ಹೂತ ಕಾಲನ್ನು ಒಂದೇ ಸಲಕ್ಕೆ ಕೀಳುವುದು, ಹೊರಟ ಬಸ್ಸನ್ನು ಹಿಡಿಯಲು ಓಡುವುದು, ಇವೆಲ್ಲ ಇದಕ್ಕೆ ಸಂದರ್ಭಗಳು. ೧೮೮೩ರಲ್ಲಿ ಪೊವೆಲ್ ಎಂಬವರು ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಇದನ್ನು ‘ಲಾನ್ ಟೆನಿಸ್ ಕಾಲು’ ಎಂದು ವರ್ಣಿಸಿದರು. ‘ಟೆನಿಸ್ ಕಾಲು’ ಎಂಬ ಹೆಸರು ಇಂದಿಗೂ ಉಳಿದಿದೆ. ನಾಲ್ವತ್ತು ದಾಟಿದವರಿಗೂ, ಹಿಂದೊಮ್ಮೆ ಇದೇ ಪೆಟ್ಟು ತಿಂದವರಿಗೂ ಇದರ ಭಯ ಹೆಚ್ಚು. ಹಾಗೆಂದು ಅಭ್ಯಾಸವುಳ್ಳ ಆಟಗಾರರನ್ನು ಇದು ಬಿಡುವುದೆಂದಲ್ಲ. ೨೦೨೦ನೆಯ ಫೆಬ್ರವರಿ ೨ರಂದು ನ್ಯೂಜಿಲೆಂಡಿನ ಮೌಂಟ್ ಮೌಂಗನೂಯಿಯಲ್ಲಿ ರೋಹಿತ್ ಶರ್ಮರು ೬೦ ರನ್ ಗಳಿಸಿ, ಮೀನಖಂಡದ ಪೆಟ್ಟಿನಿಂದ ಆಟವನ್ನು ನಡುವೆಯೇ ಬಿಡಬೇಕಾಯಿತು. ಆ ಪ್ರವಾಸದ ಮುಂದಿನ ಪಂದ್ಯಗಳೆಲ್ಲ ಅವರಿಗೆ ತಪ್ಪಿದುವು. ಒಂದು ದಿನದ ಪಂದ್ಯಗಳಿಗೆ ಅವರ ಬದಲು ನಮ್ಮ ಕರ್ನಾಟಕದ ಮಯಾಂಕ್ ಅಗರ್‌ವಾಲರು ಆರಿಸಲ್ಪಟ್ಟರು.

ಪೆಟ್ಟಿನಲ್ಲಿ ಮೂರು ತರಗಳಿವೆ. ಕೆಲವೇ ಎಳೆಗಳು ಹರಿದಿದ್ದರೆ ಚುಚ್ಚಿದಂತಹ ನೋವಿದ್ದರೂ ನಡೆಯಬಹುದು. ಒಂದರಿಂದ ಮೂರು ವಾರಗಳಲ್ಲಿ ವಾಸಿ. ಅರೆಬರೆ ಹರಿದಿದ್ದರೆ ಕುಂಟದೆ ನಡೆಯಲಾಗದು, ಬೆರಳ ತುದಿಯ ಮೇಲೆ ನಿಲ್ಲಲಾಗದು, ಬಾವು ಬಂದು ಕೆಲವು ದಿನಗಳಲ್ಲಿ ಕಪ್ಪು ಬಣ್ಣವು ಕೆಳಕ್ಕೆ ಇಳಿಯುತ್ತದೆ. ನಾಲ್ಕರಿಂದ ಆರು ವಾರಗಳಾದರೂ ಬೇಕು. ಪೂರ್ಣವಾಗಿ ಹರಿದಿದ್ದರೆ ಕಾಲೂರಲೇ ಆಗದು, ಹರಿದೆಡೆಯಲ್ಲಿ ಬೆರಳಿಗೆ ಗುಳಿಯೂ ತಗಲಬಹುದು. ಇದಕ್ಕೆ ಮೂರು ನಾಲ್ಕು ತಿಂಗಳು ಹಿಡಿಯುವುದುಂಟು. ಮೂರು ತರಗಳಿಗೂ ಸಾಮಾನ್ಯವಾದ ಲಕ್ಷಣವೆಂದರೆ, ಪೆಟ್ಟು ತಿಂದವನು ಅದು ಆದ ಗಳಿಗೆಯನ್ನು ಬೆರಳಿಟ್ಟು ತೋರಿಸಬಲ್ಲನು. “ಬದುವಿಗೆ ನೆಗೆದಾಗ”, “ಕಾಲು ಕಿತ್ತಾಗ” ಎಂದು ಅವನು ಹೇಳುತ್ತಾನೆ.

ಹಾಗೆ ಹೇಳಲಾರದ ನೋವುಗಳು ಬೇರೆ. ಅವುಗಳಲ್ಲಿ ಕೆಲವು ನಿರಪಾಯವಾದುವು. ರಾತ್ರಿ ಮಲಗಿದ್ದಾಗ ಮಾಂಸವು ಗಂಟು ಕಟ್ಟಿದಂತೆ ಹಿಡಿದು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದರೆ ಕೆಲವು ನಿಮಿಷಗಳಲ್ಲಿ ಬಿಡುವುದು ಸೆಡೆತ. ಚರಕನು ಸೂತ್ರಸ್ಥಾನದಲ್ಲಿ ಹೇಳಿರುವ ೮೦ ವಾತವಿಕಾರಗಳಲ್ಲಿ ಪಿಂಡಿಕೋದ್ವೇಷ್ಟನವೆಂಬುದು ಇದೇ. ಎಣ್ಣೆಯ ನೀವುವಿಕೆ ಇದಕ್ಕೆ ಸಲ್ಲುತ್ತದೆ. ನಮ್ಮ ಓದು ನಮಗೆ ಕೈಕೊಟ್ಟುದು ಸೆಡೆತದ ಔಷಧವನ್ನು ಗಾಯಕ್ಕೆ ಹಾಕಿದ್ದರಿಂದ. ನಾಟಿಯ ಮೊದಲ ದಿನದ ಮೈಕೈನೋವು ಎರಡನೆಯ ಅಥವಾ ಮೂರನೆಯ ದಿನ ಹೆಚ್ಚಾಗಿ, ಎರಡು ಕಾಲುಗಳಲ್ಲಿಯೂ ಸಮನಾಗಿ ಇದ್ದು, ವಾರದೊಳಗೆ ತಾನೇ ಇಳಿಯುತ್ತದೆ.

ಆದರೆ ಉಪೇಕ್ಷಿಸಕೂಡದ ಮೂರು ಸಂಗತಿಗಳಿವೆ. ಮೊದಲನೆಯದು ಹಿಮ್ಮಡಿಯ ಕಂಡರವು ತುಂಡಾಗುವುದು. ಇದಕ್ಕೂ ಗಳಿಗೆಯುಂಟು, ಕಲ್ಲು ತಗಲಿದ ಅನುಭವವೂ ಉಂಟು. ಆದರೆ ನೋವು ಇನ್ನೂ ಕೆಳಗೆ, ಹಿಮ್ಮಡಿಯಿಂದ ಎರಡು ಮೂರು ಅಂಗುಲ ಮೇಲೆ ಇರುತ್ತದೆ. ಸಿಮಂಡ್ಸ್ ಎಂಬ ವೈದ್ಯರು ೧೯೫೭ರಲ್ಲಿಯೂ ಥಾಮ್ಸನ್ ಎಂಬವರು ೧೯೬೨ರಲ್ಲಿಯೂ ವಿವರಿಸಿದ ಪರೀಕ್ಷೆಯು ಇದಕ್ಕೆ ಸುಲಭವಾದುದು. ಪೆಟ್ಟಾದವರನ್ನು ಪಾದಗಳು ಮಂಚದ ಅಂಚಿನಿಂದ ಆಚೆಗಿರುವಂತೆ ಬೋರಲಾಗಿ ಮಲಗಿಸಿ, ಮೀನಖಂಡವನ್ನು ಎರಡು ಮಗ್ಗುಲಿನಿಂದ ಮೆಲ್ಲಗೆ ಅದುಮಬೇಕು. ಕಂಡರವು ನೆಟ್ಟಗಿದ್ದರೆ ಪಾದದ ಮುಂಭಾಗವು ತಾನಾಗಿ ಚಾಚಿಕೊಳ್ಳುತ್ತದೆ. ತುಂಡಾಗಿದ್ದರೆ ಪಾದವು ಅಲುಗುವುದಿಲ್ಲ. ಅಲುಗದಿದ್ದರೆ ಅಂದೇ ಎಲುಬಿನ ವೈದ್ಯರಲ್ಲಿಗೆ ಹೋಗತಕ್ಕದ್ದು. ತಡವಾದಷ್ಟೂ ಕೂಡಿಸುವುದು ಕಷ್ಟ. ಈ ಪರೀಕ್ಷೆಯು ಪೆಟ್ಟಿನ ಗಳಿಗೆಯನ್ನು ಹೇಳುವವರಿಗೆ ಮಾತ್ರ. ಉಳಿದವರ ಕಾಲನ್ನು ಅದುಮಕೂಡದು. ಏಕೆಂಬುದು ಮುಂದಿನ ಮಾತಿನಿಂದ ತಿಳಿಯುತ್ತದೆ.

ಎರಡನೆಯದು ಸಿರೆಯೊಳಗೆ ರಕ್ತವು ಹೆಪ್ಪುಗಟ್ಟುವುದು. ದೂರದ ಪ್ರಯಾಣದಲ್ಲಿ ಕುಳಿತೇ ಇದ್ದವರು, ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದವರು, ಗರ್ಭಿಣಿಯರು, ಬಾಣಂತಿಯರು, ಇವರಲ್ಲಿ ಪೆಟ್ಟಿಲ್ಲದೆಯೇ ಒಂದು ಕಾಲು ಊದಿ, ಬೆಚ್ಚಗಾಗಿ, ನೋಯತೊಡಗಿದರೆ ಇದನ್ನು ಶಂಕಿಸಬೇಕು. ಇಂತಹ ಕಾಲನ್ನು ತಿಕ್ಕಿದರೆ ಹೆಪ್ಪು ಕಳಚಿಕೊಂಡು ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೇ ಎರವಾಗಬಹುದು. ಪೆಟ್ಟಿನ ನಿಮಿತ್ತ ಬಹುದಿನ ಕಾಲಾಡಿಸದೆ ಮಲಗಿದವರಿಗೂ ಇದು ಬರಬಹುದಾದ್ದರಿಂದ, ಇಳಿಯುತ್ತಿದ್ದ ಬಾವು ಮತ್ತೆ ಏರಿದರೆ ವೈದ್ಯರಿಗೆ ತೋರಿಸಬೇಕು. ಉಸಿರು ಕಟ್ಟುವುದು, ಎದೆ ನೋಯುವುದು ಕಂಡರೆ ಒಂದು ನಿಮಿಷವೂ ಕಾಯಕೂಡದು.

ಮೂರನೆಯದು ನಮ್ಮ ಮಲೆನಾಡಿನ ಅಂಚಿಗೆ ವಿಶೇಷವಾಗಿ ಸಂಬಂಧಿಸಿದುದು. ಈ ವರ್ಷದ ಆಷಾಢದಲ್ಲಿ ನಾವು ಸೊರಬದ ಕಡೆಯ ನೆಂಟರ ಮನೆಯಲ್ಲಿದ್ದೆವು. ಅವರ ಗದ್ದೆಗೆ ನಾಟಿಗೆ ಬರುತ್ತಿದ್ದ ಒಬ್ಬ ಹೆಂಗಸು ಮೀನಖಂಡಗಳ ನೋವಿನಿಂದ ಏಳಲಾರದೆ ಇದ್ದಳು. ಕೆಸರಿನಲ್ಲಿ ಕಾಲು ಉಳುಕಿದೆಯೆಂದು ಅವಳ ಮನೆಯವರು ಮೂರು ಸಂಜೆ ತಿಕ್ಕಿದ್ದರು. ನಾವು, “ಗದ್ದೆಯಲ್ಲಿ ಕಾಲು ಜಾರಿತೇನಮ್ಮಾ? ಯಾವ ಹೊತ್ತಿನಲ್ಲಿ ಹಿಡಿಯಿತು?” ಎಂದು ಕೇಳಿದೆವು. “ಜಾರಿಲ್ಲ ಮೇಷ್ಟ್ರೇ. ಚಳಿಜ್ವರ ಬಂದ ರಾತ್ರಿಯಿಂದ ಎರಡೂ ಕಾಲು ಹಿಂಡುತ್ತದೆ” ಎಂದಳು. ಅವಳ ಕಣ್ಣುಗಳು ಕೆಂಡದಂತೆ ಕೆಂಪಾಗಿದ್ದುವು. ಅಂದೇ ಆಸ್ಪತ್ರೆಗೆ ಕರೆದೊಯ್ದುದರಲ್ಲಿ ಅದು ಇಲಿಜ್ವರವೆಂದು ತಿಳಿಯಿತು. ಮೂತ್ರಪಿಂಡಗಳಿಗೆ ಆಗತಾನೆ ತೊಂದರೆ ಮೊದಲಾಗಿತ್ತಂತೆ. ಹತ್ತು ದಿನಗಳ ಚಿಕಿತ್ಸೆಯಿಂದ ಅವಳು ಗುಣಹೊಂದಿ ಮನೆಗೆ ಬಂದಳು.

ಇಲಿಜ್ವರವು ಇಲಿ ಮೊದಲಾದ ಪ್ರಾಣಿಗಳ ಮೂತ್ರದಿಂದ ಕೆಟ್ಟ ನೀರಿನ ಮೂಲಕ, ಕಾಲಿನ ಸಣ್ಣ ಗಾಯಗಳಿಂದ ಮೈಯನ್ನು ಹೊಗುವ ಸೂಕ್ಷ್ಮಾಣುವಿನಿಂದ ಬರುತ್ತದೆ. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಜ್ವರ, ತಲೆನೋವು, ಕೀವಿಲ್ಲದೆ ಕೆಂಪಾದ ಕಣ್ಣು, ಮುಟ್ಟಲೀಸದ ಮೀನಖಂಡ, ಇವು ಅದರ ಗುರುತುಗಳು. ಬೇಗ ತಿಳಿದರೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಮೊದಲಾದ ಔಷಧಗಳಿಗೆ ಬಗ್ಗುವ ರೋಗವಿದು; ತಡವಾದರೆ ಕಾಮಾಲೆಯಾಗಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮಳೆಗಾಲ ಕಳೆದ ಮೇಲೆ ಕಾಡಿಗೆ ಹೋಗಿ ಬಂದವರಲ್ಲಿ ಇನ್ನೊಂದನ್ನು ನೆನೆಯಬೇಕು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟು, ಆ ಊರಿನ ಹೆಸರನ್ನೇ ಲೋಕಕ್ಕೆಲ್ಲ ಹರಡಿದ ಮಂಗನ ಕಾಯಿಲೆಯು ಉಣ್ಣೆಗಳ ಕಡಿತದಿಂದ ಬರುತ್ತದೆ. ಅದರಲ್ಲಿಯೂ ಹಠಾತ್ತಾಗಿ ಬರುವ ಜ್ವರ, ತಲೆನೋವುಗಳೊಡನೆ ಮಾಂಸಖಂಡಗಳ ತೀವ್ರವಾದ ನೋವು ಇರುತ್ತದೆ. ಆದುದರಿಂದ ಜ್ವರದೊಡನೆ ಬಂದ ಮೀನಖಂಡದ ನೋವನ್ನು ಉಳುಕೆಂದು ಎಂದಿಗೂ ಕರೆಯಕೂಡದು.

ಈಗ ನಿಜವಾದ ಪೆಟ್ಟಿನ ಉಪಚಾರಕ್ಕೆ ಬರೋಣ. ಮೊದಲ ಮೂರು ದಿನ ಮಾಡುವುದಕ್ಕಿಂತ ಮಾಡದಿರುವುದೇ ಹೆಚ್ಚು. ತಿಕ್ಕಬಾರದು, ಶಾಖ ಕೊಡಬಾರದು, ಮದ್ಯವನ್ನು ಮುಟ್ಟಬಾರದು, ಓಡಬಾರದು, ಬಲವಂತವಾಗಿ ಕಾಲನ್ನು ಎಳೆದು ಚಾಚಬಾರದು. ಹರಿದ ಎಳೆಗಳ ಸಣ್ಣ ರಕ್ತನಾಳಗಳು ಇನ್ನೂ ಸೋರುತ್ತಿರುವಾಗ ತಿಕ್ಕಿದರೆ, ಶಾಖ ಕೊಟ್ಟರೆ ಸೋರಿಕೆ ಹೆಚ್ಚುತ್ತದೆ. ಹೊಸದಾಗಿ ಅಂಟಿಕೊಳ್ಳುತ್ತಿರುವ ಎಳೆಗಳು ಮತ್ತೆ ಬಿಡುತ್ತವೆ. ಮಾಡತಕ್ಕದ್ದು ಇಷ್ಟು: ಕಾಲಿಗೆ ಭಾರ ಬೀಳದಂತೆ ಊರುಗೋಲನ್ನು ಹಿಡಿಯುವುದು, ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಮೇಲಕ್ಕೆ ಹಿತವಾದ ಬಿಗಿಯಲ್ಲಿ ಸುತ್ತಿ, ಬೆರಳು ತಣ್ಣಗಾದರೆ ಅಥವಾ ಜೋಮು ಹಿಡಿದರೆ ಸಡಿಲಿಸುವುದು, ಮಲಗುವಾಗ ಎರಡು ದಿಂಬುಗಳ ಮೇಲೆ ಕಾಲನ್ನು ಎದೆಗಿಂತ ಎತ್ತರದಲ್ಲಿ ಇಡುವುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ ಇಟ್ಟರೆ ನೋವು ತಗ್ಗುತ್ತದೆ. ವಿಶ್ರಾಂತಿ, ಮಂಜು, ಕಟ್ಟು, ಎತ್ತರ ಎಂಬ ಈ ನಾಲ್ಕು ಸೂತ್ರಗಳನ್ನು ೧೯೭೮ರಲ್ಲಿ ಪ್ರಚುರಪಡಿಸಿದ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್‌ರವರೇ, ಮಂಜನ್ನು ಅತಿಯಾಗಿ ಇಡುವುದೂ ಅತಿಯಾದ ವಿಶ್ರಾಂತಿಯೂ ಮಾಯುವುದನ್ನು ತಡಮಾಡಬಹುದೆಂದು ಮುಂದೆ ತಮ್ಮ ಮಾತನ್ನು ತಿದ್ದಿಕೊಂಡರು. ಆದ್ದರಿಂದ ಮಂಜು ನೋವಿಗೆ ಮಾತ್ರ, ಅದೂ ಮಿತವಾಗಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ನನ್ನು ತಾವಾಗಿ ನುಂಗಬಾರದು. ಹೃದಯದ ನಿಮಿತ್ತ ಅದನ್ನು ಮೊದಲೇ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಬಿಡಲೂಬಾರದು. ಕಾಲು ಕಲ್ಲಿನಂತೆ ಬಿಗಿದು, ನೋವು ಗಂಟೆಗಂಟೆಗೂ ಏರಿ, ಪಾದವು ಮರಗಟ್ಟಿದರೆ ಒಳಗೆ ರಕ್ತ ತುಂಬಿ ಒತ್ತಡವಾಗಿದೆಯೆಂದು ತಿಳಿದು ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

ಮೂರು ನಾಲ್ಕು ದಿನಗಳಾದ ಮೇಲೆ ಇದಕ್ಕೆ ವಿರುದ್ಧವಾದ ತಪ್ಪನ್ನು ಮಾಡಕೂಡದು, ಎಂದರೆ ಹಾಸಿಗೆಯನ್ನೇ ಹಿಡಿಯಕೂಡದು. ಹರಿದ ಮಾಂಸವು ತನ್ನ ಜೀವಕಣಗಳಿಂದ ಹೊಸ ಎಳೆಗಳನ್ನು ಹೆಣೆಯುತ್ತದೆ, ಜೊತೆಗೆ ನಾರಿನ ಕಲೆಯನ್ನೂ ಕಟ್ಟುತ್ತದೆ. ಮಿತವಾದ ಚಲನೆಯಿದ್ದರೆ ಎಳೆಗಳು ಸಾಲಾಗಿ ಕೂಡುತ್ತವೆ. ಇಲ್ಲದಿದ್ದರೆ ಗಂಟುಗಂಟಾಗಿ ಉಳಿಯುತ್ತವೆ. ಮೊದಲು ಕುಳಿತಲ್ಲಿಯೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಆಮೇಲೆ ಹಿಮ್ಮಡಿಯ ಕೆಳಗೆ ಪಾದರಕ್ಷೆಯೊಳಗೆ ಒಂದು ಮೆತ್ತೆಯಿಟ್ಟು ಸಮನೆಲದಲ್ಲಿ ಸಣ್ಣ ಹೆಜ್ಜೆಯ ನಡಿಗೆ. ಮೆತ್ತೆಯನ್ನು ಎರಡು ಕಾಲಿಗೂ ಇಡಬೇಕು, ಇಲ್ಲದಿದ್ದರೆ ಸೊಂಟ ನೋಯುತ್ತದೆ. ಕುಂಟದೆ ನಡೆಯಲು ಬಂದ ಮೇಲೆ ಗೋಡೆ ಹಿಡಿದು ಎರಡು ಹಿಮ್ಮಡಿಗಳನ್ನೂ ಎತ್ತಿ ನಿಧಾನವಾಗಿ ಇಳಿಸುವುದು. ಇದನ್ನು ಹೊರಗಿನ ಖಂಡಕ್ಕಾಗಿ ಮೊಣಕಾಲು ನೆಟ್ಟಗಿಟ್ಟೂ, ಒಳಗಿನದಕ್ಕಾಗಿ ಸ್ವಲ್ಪ ಬಗ್ಗಿಸಿಯೂ ಮಾಡಬೇಕು. ಕಡೆಗೆ ಪೆಟ್ಟಾದ ಕಾಲೊಂದರ ಮೇಲೆಯೇ ಅಭ್ಯಾಸ. ಸಣ್ಣಗೆ ಎಳೆದಂತಾದರೆ ಅಡ್ಡಿಯಿಲ್ಲ. ಚುಚ್ಚಿದಂತಾದರೆ ಅಂದಿಗೆ ನಿಲ್ಲಿಸಬೇಕು. ಒಳ್ಳೆಯ ಕಾಲು ಎಷ್ಟು ಬಾರಿ ಎತ್ತುವುದೋ ಅಷ್ಟೇ ಬಾರಿ, ಹೆಚ್ಚು ಕಡಿಮೆ ಇಪ್ಪತ್ತರವರೆಗೆ, ನೋವಿಲ್ಲದೆ ಪೆಟ್ಟಿನ ಕಾಲೂ ಎತ್ತುವವರೆಗೆ ಓಟ, ಭಾರ, ಆಟಗಳು ಬೇಡ. ನೋವು ಹೋಯಿತೆಂದು ಎರಡನೆಯ ವಾರದಲ್ಲಿಯೇ ಅಡಕೆಯ ಮೂಟೆ ಹೊತ್ತವರೂ ಆಟದ ಬಯಲಿಗಿಳಿದವರೂ ಮತ್ತೆ ಹರಿದುಕೊಂಡುದನ್ನು ನಾವು ಕಂಡಿದ್ದೇವೆ. ಎರಡನೆಯ ಗಾಯವು ಮೊದಲಿನದಕ್ಕಿಂತ ನಿಧಾನವಾಗಿ ಮಾಯುತ್ತದೆ.

ಬರದಂತೆ ನೋಡಿಕೊಳ್ಳುವುದೂ ಸಾಧ್ಯ. ಹೋರಿಯ ಹಬ್ಬಕ್ಕಾಗಲಿ ಊರಿನ ಕಬಡ್ಡಿಗಾಗಲಿ ಇಳಿಯುವ ತರುಣರು ಹತ್ತು ನಿಮಿಷ ಮೆಲ್ಲನೆ ಓಡಿ ಮೈಯನ್ನು ಬಿಸಿಮಾಡಿಕೊಂಡು ಇಳಿಯಲಿ. ಮನೆಯಲ್ಲಿರುವವರು ಹಲ್ಲುಜ್ಜುವ ಹೊತ್ತಿನಲ್ಲಿ ಹತ್ತಿಪ್ಪತ್ತು ಬಾರಿ ಹಿಮ್ಮಡಿ ಎತ್ತಿ ಇಳಿಸುವ ಅಭ್ಯಾಸವನ್ನು ಇಟ್ಟುಕೊಂಡರೆ ಅರುವತ್ತರಲ್ಲಿಯೂ ಈ ಮಾಂಸವು ಬಲವಾಗಿರುತ್ತದೆ. ನಾವು ಈಗ ಹಾಗೆ ಮಾಡುತ್ತಿದ್ದೇವೆ. ನಾಟಿಗೆ ಹೋಗುವವರು ಕಾಲಿನ ಗಾಯಗಳನ್ನು ಕಟ್ಟಿಕೊಂಡು, ಸಾಧ್ಯವಿದ್ದರೆ ರಬ್ಬರಿನ ಬೂಟುಗಳನ್ನು ಹಾಕಿಕೊಂಡು ಇಳಿದು, ಬಂದ ಕೂಡಲೆ ಶುದ್ಧ ನೀರಿನಿಂದ ಸೋಪು ಹಚ್ಚಿ ತೊಳೆದುಕೊಳ್ಳಲಿ.

ದೀಪಾವಳಿಯು ಮತ್ತೆ ಬರುತ್ತಲಿದೆ. ಮೊನ್ನೆ ನೆರೆಮನೆಯ ಹುಡುಗನೊಬ್ಬನು ಕುಂಟುತ್ತ ನಮ್ಮ ಜಗಲಿಗೆ ಬಂದು ಎಣ್ಣೆ ಕೇಳಿದನು. ನಾವು ಬಾಯಿ ತೆರೆಯುವುದಕ್ಕೆ ಮೊದಲೇ ಅಕ್ಕನವರು ಒಳಗಿನಿಂದ, “ಎಣ್ಣೆ ಆಮೇಲೆ ಕೊಡುತ್ತೇನೆ ಮಗೂ, ಎಷ್ಟು ಹೊತ್ತಿಗೆ ಹಿಡಿಯಿತು, ಏನು ಮಾಡುತ್ತಿದ್ದೆ, ಜ್ವರ ಇದೆಯೇ, ಅದನ್ನು ಮೊದಲು ಹೇಳು” ಎಂದು ಕೇಳಿದರು. ವಾಚಕರ ಮನೆಗಳಲ್ಲಿಯೂ ಎಣ್ಣೆಗಿಂತ ಮೊದಲು ಈ ಪ್ರಶ್ನೆಗಳೇ ಬರಲಿ ಎಂಬುದು ನಮ್ಮ ಕೋರಿಕೆ.